ಕೈಗಳು ಮಾತನಾಡುವ ದಿನ

ಗುರುವಾರ ಮಗ್ರಿಬ್ ನಮಾಝಿನ ಬಳಿಕ ನಮ್ಮ ಅನೇಕ ಮನೆಗಳಲ್ಲಿ ಯಾಸೀನ್ ಅಧ್ಯಾಯ ಓದುವ ರೂಢಿಯಿದೆ. ಅಜ್ಜಿಯಂದಿರಿಗೆ ಅದು ಬಾಯಿಪಾಠ. ಪಕ್ಕದಲ್ಲಿ ಕುಳಿತ ಮಕ್ಕಳು ಕೇಳಿ ಕೇಳಿಯೇ ಅದನ್ನು ಕಲಿತುಬಿಡುತ್ತಾರೆ. ಆ ಅಧ್ಯಾಯದ 65ನೇ ಸೂಕ್ತವನ್ನು ನಾವು ಎಷ್ಟು ಬಾರಿ ಓದಿ ಮುಂದೆ ಸಾಗಿದ್ದೇವೋ ಲೆಕ್ಕವಿಲ್ಲ. ಅಂತ್ಯದಿನದಂದು ಬಾಯಿಗಳಿಗೆ ಮುದ್ರೆ ಬೀಳುವುದೆಂದೂ, ಕೈಗಳು ಮಾತನಾಡುವುವೆಂದೂ, ಕಾಲುಗಳು ಸಾಕ್ಷಿ ನುಡಿಯುವುವೆಂದೂ ಅಲ್ಲಾಹನು ಅಲ್ಲಿ ಎಚ್ಚರಿಸುತ್ತಾನೆ.

ಕೈಯ ಪಾಪವೆಂದರೆ ಕಳವು, ಹೊಡೆತ, ತೂಕದಲ್ಲಿ ಮೋಸ ಎಂದೇ ನಾನು ಹುಡುಗನಾಗಿದ್ದಾಗ ತಿಳಿದಿದ್ದೆ. ನಾಲಿಗೆಯ ಪಾಪ ಬೇರೆ, ಕೈಯ ಪಾಪ ಬೇರೆ. ಆದರೆ ಇಂದು ಕೈಯೇ ನಾಲಿಗೆಯಾಗಿದೆ. ಬಾಯಿ ತೆರೆಯದೆಯೇ ಬೆರಳ ತುದಿಯಿಂದ ಸಾವಿರ ಮಂದಿಗೆ ಮಾತು ತಲುಪಿಸುತ್ತೇವೆ. ಆ ದಿನ ಈ ಬೆರಳುಗಳು ಏನು ಹೇಳುವುವು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಕಳೆದ ಎರಡು ದಶಕಗಳಲ್ಲಿ ಅರಬ್ ನಾಡುಗಳಲ್ಲಿ ಬರೆದ ಕೆಲವರ ಕತೆಯನ್ನು ಓದುಗರ ಮುಂದಿಡಬೇಕೆಂದಿದ್ದೇನೆ.

ಅರಬ್ ನಾಡಿನೊಂದಿಗೆ ನಮಗೆ ಸಂಬಂಧವಿಲ್ಲದಿಲ್ಲ. ನಮ್ಮ ಕಿಬ್ಲಾ ಅಲ್ಲಿದೆ. ಕರಾವಳಿಯ ಎಷ್ಟೋ ಮನೆಗಳ ಅನ್ನ ಜಿದ್ದಾ, ರಿಯಾದ್, ದುಬೈಗಳಿಂದ ಬರುತ್ತದೆ. ಖರ್ಜೂರ ಬರುತ್ತದೆ, ಝಂಝಂ ಬರುತ್ತದೆ. ಆದರೆ ಅಲ್ಲಿನ ಸಾಮಾನ್ಯ ಜನರ ಮನದ ಮಾತು ಮಾತ್ರ ನಮ್ಮವರೆಗೆ ಬರುವುದು ಅಪರೂಪ. ಅವರ ಬೀದಿ, ಅವರ ಅಡುಗೆಮನೆ, ತಮ್ಮ ಆಡಳಿತಗಾರರ ಬಗ್ಗೆ ಅವರಿಗಿರುವ ದೂರು, ಇವುಗಳನ್ನು ಲೋಕದ ಮುಂದಿಟ್ಟವರು ಬಹುಮಟ್ಟಿಗೆ ಬ್ಲಾಗ್ ಬರೆಯುವವರೇ. ಅವರಲ್ಲಿ ನಮಾಝನ್ನು ಬಿಡದವರೂ ಇದ್ದರು, ದೀನ್‌ನಿಂದ ದೂರ ಸರಿದವರೂ ಇದ್ದರು. ವಿಶ್ವಾಸದ ಮಾದರಿಗಳೆಂದು ನಾನು ಅವರನ್ನು ತೋರಿಸುತ್ತಿಲ್ಲ. ಸಾಕ್ಷ್ಯ ಹೇಳುವ ವಿಷಯದಲ್ಲಿ ಅವರ ಬದುಕಿನಿಂದ ನಮಗೆ ಪಾಠವಿದೆ ಎಂದಷ್ಟೇ ಹೇಳುತ್ತೇನೆ.

ತದ್ವೀನ್ ಎಂಬ ಹಳೆಯ ಪದ

ಅಂತರ್ಜಾಲದಲ್ಲಿ ಯಾರು ಬೇಕಾದರೂ ತೆರೆದು, ತಾರೀಕು ಹಾಕಿ ಬರೆಯುತ್ತ ಹೋಗಬಹುದಾದ ದಿನಚರಿಯ ಪುಟಕ್ಕೆ ಬ್ಲಾಗ್ ಎನ್ನುತ್ತಾರೆ. ಅರಬರು ಅದಕ್ಕೆ ಕೊಟ್ಟ ಹೆಸರು 'ಮುದವ್ವನ'. ಬರೆಯುವವನು 'ಮುದವ್ವಿನ್', ಬರೆಯುವ ಕೆಲಸ 'ತದ್ವೀನ್'. ಮದ್ರಸದಲ್ಲಿ ಓದಿದವರಿಗೆ ಈ ಪದ ಹೊಸತಲ್ಲ. ಪ್ರವಾದಿವರ್ಯರ(ಸ) ಹದೀಸ್‌ಗಳನ್ನು ಸಂಗ್ರಹಿಸಿ ಗ್ರಂಥರೂಪಕ್ಕೆ ತಂದ ಮಹಾಕಾರ್ಯಕ್ಕೂ ವಿದ್ವಾಂಸರು ಬಳಸುವುದು ಇದೇ 'ತದ್ವೀನ್' ಎಂಬ ಪದವನ್ನು. ಮಾಲಿಕೀ ಮದ್‌ಹಬಿನ ಪ್ರಸಿದ್ಧ ಫಿಕ್‌ಹ್ ಗ್ರಂಥದ ಹೆಸರೂ 'ಅಲ್ ಮುದವ್ವನ'.

ಹದೀಸ್‌ನ ತದ್ವೀನ್ ಹೇಗೆ ನಡೆಯಿತೆಂಬುದನ್ನು ನೆನಪಿಸಿಕೊಳ್ಳಿ. ಕೇಳಿದ್ದನ್ನೆಲ್ಲ ಬರೆದುಕೊಂಡರೆ ಸಾಲದು. ಯಾರು ಹೇಳಿದರು, ಅವರಿಗೆ ಯಾರು ಹೇಳಿದರು, ಅವರಿಬ್ಬರೂ ಭೇಟಿಯಾಗಿದ್ದು ನಿಜವೇ, ಅವರ ನಡತೆ ಹೇಗೆ, ಜ್ಞಾಪಕಶಕ್ತಿ ಹೇಗೆ ಎಂದೆಲ್ಲ ಪರೀಕ್ಷಿಸಿದರು. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೇ ಒಬ್ಬನು ಸುಳ್ಳುಗಾರನೆನಿಸಲು ಸಾಕು ಎಂಬ ಅರ್ಥದ ಪ್ರವಾದಿವಚನ ಸಹೀಹ್ ಮುಸ್ಲಿಮ್‌ನ ಆರಂಭದಲ್ಲೇ ಇದೆ. ಗ್ರಂಥದ ಬಾಗಿಲಲ್ಲೇ ಇಮಾಮರು ಆ ಎಚ್ಚರಿಕೆಯನ್ನು ನಿಲ್ಲಿಸಿದ್ದಾರೆ.

ಇಲ್ಲೊಂದು ಸೂಕ್ಷ್ಮವಿದೆ. ಸಾಗಿಸಿದವನ ದೋಷವನ್ನು ಹೇಳದೆ ಹದೀಸನ್ನು ಪರೀಕ್ಷಿಸಲಾಗದು. ಇಂಥವನು ಸುಳ್ಳಾಡುತ್ತಿದ್ದ, ಇಂಥವನಿಗೆ ಮರೆವು ಎಂದು ವಿದ್ವಾಂಸರು ಬಹಿರಂಗವಾಗಿ ಬರೆದಿಟ್ಟರು. ಹಾಗಾದರೆ ಪರದೂಷಣೆ ನಿಷಿದ್ಧವಲ್ಲವೇ? ಸತ್ತ ಸಹೋದರನ ಮಾಂಸವನ್ನು ತಿನ್ನುವುದಕ್ಕೆ ಅದನ್ನು ಹೋಲಿಸಿ ಅಲ್ ಹುಜುರಾತ್ ಅಧ್ಯಾಯ (49:12) ನಮ್ಮನ್ನು ನಡುಗಿಸುವುದಿಲ್ಲವೇ? ಇಮಾಮ್ ನವವಿಯವರು 'ರಿಯಾದುಸ್ಸಾಲಿಹೀನ್'ನಲ್ಲಿ ಈ ಪ್ರಶ್ನೆಯನ್ನೆತ್ತಿ, ಇನ್ನೊಬ್ಬರ ದೋಷ ಹೇಳುವುದಕ್ಕೆ ಅನುಮತಿಯಿರುವ ಆರು ಸಂದರ್ಭಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಮೊದಲನೆಯದೇ ಅನ್ಯಾಯಕ್ಕೊಳಗಾದವನ ದೂರು. ಕೆಡುಕನ್ನು ತಡೆಯಲು ಸಹಾಯ ಕೇಳುವುದು, ಜನರನ್ನು ಎಚ್ಚರಿಸುವುದು ಮುಂತಾದವು ಉಳಿದವುಗಳಲ್ಲಿವೆ. ಅಬೂ ಸುಫ್ಯಾನ್‌ರ ಪತ್ನಿ ಹಿಂದ್(ರ) ಗಂಡ ಮನೆಖರ್ಚಿಗೆ ಸಾಕಷ್ಟು ಕೊಡುವುದಿಲ್ಲವೆಂದು ಪ್ರವಾದಿಯವರಲ್ಲಿ(ಸ) ಹೇಳಿಕೊಂಡಾಗ, ಗಂಡನ ದೂಷಣೆ ಮಾಡಬೇಡವೆಂದು ಪ್ರವಾದಿ(ಸ) ಅವರ ಬಾಯಿ ಮುಚ್ಚಿಸಲಿಲ್ಲ. ಅವರಿಗೂ ಮಕ್ಕಳಿಗೂ ಸಲ್ಲಬೇಕಾದಷ್ಟನ್ನು ನ್ಯಾಯವಾಗಿ ತೆಗೆದುಕೊಳ್ಳಲು ಅನುಮತಿ ಕೊಟ್ಟರು.

ಹಾಗಾದರೆ ಎರಡೂ ನಮ್ಮ ಮೇಲಿರುವ ಹೊಣೆ. ಇನ್ನೊಬ್ಬರ ಮಾನವನ್ನು ಬೀದಿಗೆಳೆಯಬಾರದು. ಅನ್ಯಾಯವನ್ನು ಕಂಡೂ ಸಾಕ್ಷ್ಯವನ್ನು ಬಚ್ಚಿಡಬಾರದು. ಇವೆರಡರ ನಡುವಿನ ಗೆರೆ ಎಲ್ಲಿದೆ? ಕೈರೋದ ಒಂದು ಘಟನೆ ಅದನ್ನು ತೋರಿಸಿಕೊಡುತ್ತದೆ.

ಒಂದೇ ಚಿತ್ರ

2006ರ ಜನವರಿ. ಕೈರೋಗೆ ತಾಗಿಕೊಂಡಿರುವ ಗೀಝಾದ ಬೂಲಾಕ್ ಅಲ್ ದಕ್ರೂರ್ ಎಂಬ ಬಡವರ ಬಡಾವಣೆ. ಇಮಾದ್ ಅಲ್ ಕಬೀರ್ ಎಂಬ 21 ವರ್ಷದ ಮಿನಿಬಸ್ ಚಾಲಕ, ತನ್ನ ಸಂಬಂಧಿಯೊಬ್ಬನೊಂದಿಗೆ ಪೊಲೀಸರು ಜಗಳವಾಡುವುದನ್ನು ಕಂಡು ತಡೆಯಲು ಹೋದ. ಪೊಲೀಸರು ಅವನನ್ನೇ ಠಾಣೆಗೆ ಒಯ್ದರು. ಅಲ್ಲಿ ಬಾಯಿಯಿಂದ ಹೇಳಬಾರದ ರೀತಿಯಲ್ಲಿ ಹಿಂಸಿಸಿದರು. ಅಷ್ಟಕ್ಕೇ ನಿಲ್ಲದೆ ಮೊಬೈಲ್ ಫೋನಿನಲ್ಲಿ ಅದನ್ನು ಚಿತ್ರೀಕರಿಸಿದರು. ಅವನ ಜೊತೆಯ ಚಾಲಕರು ನೋಡಲಿ, ಅವನು ಇನ್ನೆಂದೂ ತಲೆಯೆತ್ತಿ ನಡೆಯದಿರಲಿ ಎಂಬುದು ಉದ್ದೇಶ. ಆ ಚಿತ್ರ ಒಂದು ಫೋನಿನಿಂದ ಇನ್ನೊಂದಕ್ಕೆ ಹರಿದಾಡಿತು.

ಅದೇ ವರ್ಷದ ನವೆಂಬರಿನಲ್ಲಿ ಈಜಿಪ್ಟಿನ ಕೆಲವು ಬ್ಲಾಗ್ ಬರಹಗಾರರು ಆ ಚಿತ್ರವನ್ನು ತಮ್ಮ ಪುಟಗಳಲ್ಲಿ ಹಾಕಿದರು. ಪೊಲೀಸ್ ಠಾಣೆಗಳ ಹಿಂಸೆಯನ್ನು ಬಯಲಿಗೆ ತರುತ್ತಿದ್ದ ವಾಇಲ್ ಅಬ್ಬಾಸ್ ಅವರಲ್ಲೊಬ್ಬರು. ಚಿತ್ರದಲ್ಲಿದ್ದವನು ಯಾರೆಂದು ಪತ್ರಕರ್ತರು ಹುಡುಕಿದರು. ಇಮಾದ್ ಮುಂದೆ ಬಂದ. ತನಗಾದುದನ್ನು ತನ್ನದೇ ಬಾಯಿಂದ ಹೇಳಿದ, ದೂರು ಕೊಟ್ಟ. 2007ರ ಜನವರಿಯಲ್ಲಿ ಮೊದಲು ಶಿಕ್ಷೆಯಾದುದು ಅವನಿಗೇ. ಅಧಿಕಾರಿಗಳನ್ನು ಪ್ರತಿರೋಧಿಸಿದನೆಂದು ಮೂರು ತಿಂಗಳ ಸೆರೆವಾಸ! ಆದರೂ ಅವನು ಹಿಂದೆ ಸರಿಯಲಿಲ್ಲ. 2007ರ ನವೆಂಬರ್ 5ರಂದು ನ್ಯಾಯಾಲಯವು ಆ ಪೊಲೀಸ್ ಅಧಿಕಾರಿಗೂ ಅವನ ಕೈಕೆಳಗಿನವನಿಗೂ ಮೂರು ಮೂರು ವರ್ಷಗಳ ಶಿಕ್ಷೆ ವಿಧಿಸಿತು.

ಯೋಚಿಸಿ ನೋಡಿ. ಚಿತ್ರ ಒಂದೇ. ಅದರಲ್ಲಿ ಒಂದು ಕ್ಷಣವೂ ಬದಲಾಗಿರಲಿಲ್ಲ. ಪೊಲೀಸರ ಕೈಯಲ್ಲಿ ಅದು ಒಬ್ಬ ಬಡವನ ಮಾನಹರಣವಾಗಿತ್ತು. ಜೊತೆಯ ಚಾಲಕರ ಫೋನುಗಳಲ್ಲಿ, ಅಯ್ಯೋ ಎಂದವನ ಫೋನಿನಲ್ಲೂ ನಕ್ಕವನ ಫೋನಿನಲ್ಲೂ, ಅದು ಮಾನಹರಣವಾಗಿಯೇ ಉಳಿಯಿತು. ಆ ಬರಹಗಾರರ ಕೈಗೆ ಬಂದಾಗ ಅದು ಸಾಕ್ಷ್ಯವಾಯಿತು. ಏಕೆಂದರೆ ಅವರು ಅದನ್ನು ಹಿಂಸೆಗೊಳಗಾದವನ ಕಡೆಗೆ ನಿಂತು, ಹಿಂಸಿಸಿದವರತ್ತ ಬೆರಳು ತೋರಿಸಿ ಮುಂದಿಟ್ಟರು. ಕೆಟ್ಟ ಮಾತನ್ನು ಬಹಿರಂಗವಾಗಿ ಆಡುವುದು ಅಲ್ಲಾಹನಿಗೆ ಮೆಚ್ಚಿಗೆಯಲ್ಲ, ಆದರೆ ಅನ್ಯಾಯಕ್ಕೊಳಗಾದವನಿಗೆ ವಿನಾಯಿತಿಯಿದೆ ಎಂದು ಅನ್ನಿಸಾ ಅಧ್ಯಾಯ (4:148) ತಿಳಿಸುತ್ತದೆ. ಸಹೋದರನ ದೋಷವನ್ನು ಮುಚ್ಚಿದವನ ದೋಷವನ್ನು ಅಲ್ಲಾಹನು ಇಹದಲ್ಲೂ ಪರದಲ್ಲೂ ಮುಚ್ಚುವನೆಂಬ ಪ್ರವಾದಿವಚನವೂ ನಮಗೆ ಗೊತ್ತು. ಇವೆರಡರ ನಡುವೆ ವಿರೋಧವಿಲ್ಲ. ಮುಚ್ಚಬೇಕಾದುದು ಎಡವಿದ ದುರ್ಬಲನ ದೋಷವನ್ನು. ದುರ್ಬಲನನ್ನು ತುಳಿದವನ ಅಕ್ರಮವನ್ನಲ್ಲ.

ಒಬ್ಬ ಹೆಣ್ಣಿನ ದೂರು

ಸಾಕ್ಷ್ಯವೆಂದರೆ ಯಾವಾಗಲೂ ಠಾಣೆ, ನ್ಯಾಯಾಲಯಗಳ ಮಾತೇ ಆಗಬೇಕೆಂದಿಲ್ಲ. 2003ರ ಆಗಸ್ಟ್‌ನಲ್ಲಿ, ಅಮೆರಿಕದ ಸೇನೆ ಬಗ್ದಾದನ್ನು ಹಿಡಿದ ಕೆಲವು ತಿಂಗಳಲ್ಲಿ, ಆ ನಗರದ ಒಬ್ಬ ಯುವತಿ 'ರಿವರ್‌ಬೆಂಡ್' ಎಂಬ ಗುಪ್ತನಾಮದಲ್ಲಿ ಬರೆಯತೊಡಗಿದಳು. ಕಂಪ್ಯೂಟರ್ ಕೆಲಸ ಬಲ್ಲವಳು. ಯುದ್ಧದ ಬಳಿಕ ಹೆಣ್ಣುಮಕ್ಕಳಿಗೆ ಬೀದಿ ಸುರಕ್ಷಿತವಲ್ಲವಾದ್ದರಿಂದ ಉದ್ಯೋಗ ಕಳೆದುಕೊಂಡಳು. ಸೇನಾಪತಿಗಳ ಹೇಳಿಕೆಗಳು ಪತ್ರಿಕೆಗಳಲ್ಲಿ ತುಂಬಿದ್ದ ಆ ದಿನಗಳಲ್ಲಿ ಅವಳು ಬರೆದುದು ಕರೆಂಟು ಯಾವಾಗ ಬಂತು, ಯಾವಾಗ ಹೋಯಿತು, ನೀರು ಹೇಗೆ ಹಿಡಿದಿಟ್ಟೆವು, ಬಂಧುಗಳಲ್ಲಿ ಯಾರು ಮನೆಗೆ ಮರಳಲಿಲ್ಲ ಎಂಬುದನ್ನು. 2007ರಲ್ಲಿ ಅವಳ ಕುಟುಂಬ ಇರಾಕನ್ನು ಬಿಟ್ಟು ಸಿರಿಯಾಕ್ಕೆ ಹೋಯಿತು. ಹೊರಡುವ ಮುನ್ನ, ತನ್ನ ಪಾಲಿನ ಒಂದೇ ಒಂದು ದೊಡ್ಡ ಪೆಟ್ಟಿಗೆ ಹೆಚ್ಚುಕಡಿಮೆ ಆರು ವಾರ ಕೋಣೆಯಲ್ಲಿ ಸಿದ್ಧವಾಗಿ ಕುಳಿತಿತ್ತೆಂದು ಅವಳು ಬರೆದಳು. ಯುದ್ಧವೆಂದರೇನೆಂದು ಅರಿಯಲು ಆ ಪೆಟ್ಟಿಗೆಯೊಂದೇ ಸಾಕು.

ಮನೆವಾರ್ತೆಯ ಮಾತಿಗೆ ಅಷ್ಟು ಬೆಲೆಯೇ ಎಂದು ಕೇಳುವವರು ಅಲ್ ಮುಜಾದಲ ಅಧ್ಯಾಯವನ್ನು ನೆನೆಯಬೇಕು. ಖೌಲಾ ಬಿಂತ್ ಸಅಲಬ(ರ) ಗಂಡನಿಂದ ತನಗಾದ ಅನ್ಯಾಯವನ್ನು ಹೇಳಿಕೊಳ್ಳಲು ಪ್ರವಾದಿಯವರ(ಸ) ಬಳಿ ಬಂದರು. ಅದೇ ಮನೆಯ ಮೂಲೆಯಲ್ಲಿದ್ದ ಆಯಿಶಾ(ರ) ಅವರಿಗೆ ಕೆಲವು ಮಾತುಗಳು ಕೇಳಿಸಲೇ ಇಲ್ಲ. ಆದರೆ ಏಳು ಆಕಾಶಗಳಾಚೆ ಅದು ಕೇಳಿಸಿತು. ಆ ಅಧ್ಯಾಯ ಆರಂಭವಾಗುವುದೇ ಅಲ್ಲಾಹನು ಆ ಹೆಣ್ಣಿನ ಮಾತನ್ನು ಆಲಿಸಿದನೆಂಬ ವಾರ್ತೆಯಿಂದ.

ಸುಳ್ಳು ಸಾಕ್ಷ್ಯದ ಹಾನಿ

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಮಾತು ಪೂರ್ಣವಾಗದು. 2011ರಲ್ಲಿ ಸಿರಿಯಾದ ಜನರು ಬೀದಿಗಿಳಿದಿದ್ದಾಗ, ಡಮಾಸ್ಕಸ್‌ನ ಅಮೀನಾ ಎಂಬ ಯುವತಿಯ ಹೆಸರಿನ ಬ್ಲಾಗ್ ಪ್ರಸಿದ್ಧವಾಯಿತು. ಅವಳ ಧೈರ್ಯವನ್ನು ಜಗತ್ತಿನ ದೊಡ್ಡ ಪತ್ರಿಕೆಗಳು ಕೊಂಡಾಡಿದವು. ಜೂನ್ ತಿಂಗಳಲ್ಲಿ, ಶಸ್ತ್ರಧಾರಿಗಳು ಅವಳನ್ನು ಹೊತ್ತೊಯ್ದರೆಂಬ ಸುದ್ದಿ ಅದೇ ಪುಟದಲ್ಲಿ ಬಂತು. ಅವಳ ಬಿಡುಗಡೆಗಾಗಿ ಸಾವಿರಾರು ಮಂದಿ ದನಿಯೆತ್ತಿದರು. ಕೆಲವೇ ದಿನಗಳಲ್ಲಿ ಸತ್ಯ ಹೊರಬಿತ್ತು. ಅಮೀನಾ ಎಂಬವಳೇ ಇರಲಿಲ್ಲ! ಸ್ಕಾಟ್ಲೆಂಡಿನಲ್ಲಿ ಓದುತ್ತಿದ್ದ ಒಬ್ಬ ಅಮೆರಿಕನ್ ಪುರುಷ ಅದನ್ನೆಲ್ಲ ಕಟ್ಟಿ ಬರೆದಿದ್ದ. ಅವಳದೆಂದು ತೋರಿಸಿದ್ದ ಚಿತ್ರ ಲಂಡನ್ನಿನ ಬೇರೊಬ್ಬ ಮಹಿಳೆಯದು.

ತಾನು ಬರೆದ ಪರಿಸ್ಥಿತಿ ನಿಜವೇ ಎಂದು ಅವನು ಸಮರ್ಥಿಸಿಕೊಂಡ. ಸಿರಿಯಾದ ನಿಜವಾದ ಬರಹಗಾರರು ಕೋಪಗೊಂಡರು. ಕೋಪ ನ್ಯಾಯವಾದುದೇ. ಆ ಸುಳ್ಳಿನ ಬಳಿಕ, ನಿಜವಾಗಿಯೂ ಸೆರೆಗೆ ಬಿದ್ದವರ ಕೂಗನ್ನು ಜನರು ಸಂಶಯದಿಂದ ಕೇಳುವಂತಾಗುತ್ತದೆ. ಅದೇ ವರ್ಷದ ಡಿಸೆಂಬರಿನಲ್ಲಿ ರಝಾನ್ ಗಝ್ಝಾವಿ ಎಂಬ ಬ್ಲಾಗ್ ಬರಹಗಾರ್ತಿಯನ್ನು ಜೋರ್ಡಾನಿನ ಗಡಿಯಲ್ಲಿ ಬಂಧಿಸಲಾಯಿತು. ಅವರು ಕಟ್ಟುಕತೆಯಾಗಿರಲಿಲ್ಲ, ರಕ್ತಮಾಂಸದ ಮನುಷ್ಯರು. ಒಳ್ಳೆಯ ಉದ್ದೇಶಕ್ಕಾಗಿ ಹೇಳಿದ ಸುಳ್ಳೂ ಅನ್ಯಾಯಕ್ಕೊಳಗಾದವನ ಬಾಯಿಂದ ನ್ಯಾಯವನ್ನು ಕಸಿಯುತ್ತದೆ. ಸುದ್ದಿ ತಂದವನು ದುಷ್ಟನಾದರೆ ಅದನ್ನು ಪರೀಕ್ಷಿಸಿರಿ, ಇಲ್ಲವಾದರೆ ಅರಿಯದೆ ಒಂದು ಜನಕ್ಕೆ ಹಾನಿ ಮಾಡಿ ಬಳಿಕ ಪಶ್ಚಾತ್ತಾಪಪಡಬೇಕಾದೀತು ಎಂಬುದು ಅಲ್ ಹುಜುರಾತ್ ಅಧ್ಯಾಯದ (49:6) ಆದೇಶ.

ಆ ಪಶ್ಚಾತ್ತಾಪ ಎಂಥದೆಂದು ನಾನು ಬಲ್ಲೆ. ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ವಾಟ್ಸಾಪ್ ಬಳಗದಲ್ಲಿ ಒಂದು ಧ್ವನಿಸಂದೇಶ ಬಂತು. ನೆರೆಯ ಮೊಹಲ್ಲಾದ ಒಬ್ಬ ಯುವಕ ಮಾದಕವಸ್ತು ಮಾರುತ್ತಾನೆ, ನಿಮ್ಮ ಮಕ್ಕಳನ್ನು ಕಾಪಾಡಿಕೊಳ್ಳಿ ಎಂದು. ಎಚ್ಚರಿಸುವುದು ನನ್ನ ಕರ್ತವ್ಯವೆಂದುಕೊಂಡು ಮದ್ರಸದ ಮಕ್ಕಳ ತಂದೆತಾಯಿಯರಿಗೆಲ್ಲ ಅದನ್ನು ಕಳುಹಿಸಿದೆ. ಯಾರ ಧ್ವನಿ ಎಂದು ಕೇಳಲಿಲ್ಲ. ಮೊದಲು ಹೇಳಿದವರು ಯಾರೆಂದು ವಿಚಾರಿಸಲಿಲ್ಲ. ಅದೇ ಬೆಳಿಗ್ಗೆ ತರಗತಿಯಲ್ಲಿ ಹದೀಸ್ ಸಾಗಿಸಿದವರ ಸರಣಿಯ ಮಹತ್ವವನ್ನು ಪಾಠ ಮಾಡಿದ್ದೆ! ವಾರ ಕಳೆದ ಮೇಲೆ ಅದು ಹಣದ ವ್ಯವಹಾರದ ಹಗೆಯಿಂದ ಹುಟ್ಟಿದ ಸುಳ್ಳೆಂದು ತಿಳಿಯಿತು. ಕ್ಷಮೆ ಕೇಳಲು ಅವರ ಮನೆಗೆ ಹೋದೆ. ಆ ಯುವಕ ಏನೂ ಹೇಳಲಿಲ್ಲ. ಅವನ ತಾಯಿ ಬಾಗಿಲ ಮರೆಯಿಂದ ಒಂದೇ ಮಾತು ಹೇಳಿದರು: "ಬೇರೆಯವರು ಹೇಳಿದಾಗ ಜನ ನಂಬಿರಲಿಲ್ಲ, ಉಸ್ತಾದರೇ. ನಿಮ್ಮ ಫೋನಿನಿಂದ ಬಂದ ಮೇಲೆ ನಂಬಿದರು." ಅವರು ನನ್ನನ್ನು ಕ್ಷಮಿಸಿದರು. ಆದರೆ ಅದನ್ನು ಕೇಳಿಸಿಕೊಂಡ ನೂರಾರು ಕಿವಿಗಳಿಂದ ಅದನ್ನು ಹೊರತೆಗೆಯುವ ದಾರಿ ನನಗಿನ್ನೂ ಸಿಕ್ಕಿಲ್ಲ.

ಬೆಲೆ ತೆತ್ತವರು

ಸಾಕ್ಷ್ಯಕ್ಕೂ ಹರಟೆಗೂ ಇನ್ನೊಂದು ಅಂತರವಿದೆ. ಹರಟೆಗೆ ಬೆಲೆ ತೆರಬೇಕಾಗಿಲ್ಲ. ಸಾಕ್ಷಿಗೆ ತನ್ನ ಮಾತಿನ ಹೊಣೆ ಹೊರಬೇಕಾಗುತ್ತದೆ.

ಜಿದ್ದಾದ ಫುಆದ್ ಅಲ್ ಫರ್ಹಾನ್ ತಮ್ಮ ನಿಜ ಹೆಸರಿನಲ್ಲೇ ಬ್ಲಾಗ್ ಬರೆದ ಮೊದಮೊದಲ ಸೌದಿಯರಲ್ಲಿ ಒಬ್ಬರು. ಸ್ವಾತಂತ್ರ್ಯ, ಗೌರವ, ನ್ಯಾಯ, ಸಮಾನತೆ, ಶೂರಾ ಇವು ಕಳೆದುಹೋದ ಇಸ್ಲಾಮೀ ಮೌಲ್ಯಗಳೆಂದೂ, ತಾನು ಅವುಗಳನ್ನು ಹುಡುಕುತ್ತಿರುವೆನೆಂದೂ ಅವರು ತಮ್ಮ ಪುಟದಲ್ಲಿ ಬರೆದುಕೊಂಡಿದ್ದರು. ಬಂಧನದಲ್ಲಿದ್ದ ಸುಧಾರಣಾವಾದಿಗಳ ಪರವಾಗಿ ಬರೆದರು. 2007ರ ಡಿಸೆಂಬರಿನಲ್ಲಿ ಅವರ ಬಂಧನವಾಯಿತು. 2008ರ ಏಪ್ರಿಲ್‌ವರೆಗೆ ಅವರು ಸೆರೆಯಲ್ಲಿದ್ದರು.

ಟ್ಯುನೀಸಿಯಾದ ಲೀನಾ ಬಿನ್ ಮಹನ್ನಿ ಕಾಯಿಲೆಯ ದೇಹದವರು. ತಾಯಿ ಕೊಟ್ಟ ಮೂತ್ರಪಿಂಡದಿಂದ ಬದುಕಿದ್ದರು. 2011ರ ಜನವರಿಯಲ್ಲಿ ಕಸ್ರೀನ್, ರಿಗಾಬ್ ಮುಂತಾದ ಒಳನಾಡಿನ ಊರುಗಳಲ್ಲಿ ಪೊಲೀಸರ ಗುಂಡಿಗೆ ಜನ ಸಾಯುತ್ತಿದ್ದಾಗ, ಮನೆಯಲ್ಲಿ ಕುಳಿತು ಸುದ್ದಿ ಸಾಗಿಸದೆ ತಾವೇ ಅಲ್ಲಿಗೆ ಹೋಗಿ, ಸತ್ತವರನ್ನೂ ಅವರ ಮನೆಯವರನ್ನೂ ಕಂಡು ಬರೆದರು. 2020ರ ಜನವರಿಯಲ್ಲಿ, 36ನೇ ವಯಸ್ಸಿನಲ್ಲಿ ತೀರಿಕೊಂಡರು.

ಈಜಿಪ್ಟಿನ ಅಲಾ ಅಬ್ದುಲ್ ಫತ್ತಾಹ್ 2011ರ ಕೊನೆಯಲ್ಲಿ ಸೆರೆಯಲ್ಲಿದ್ದಾಗ ಅವರ ಮಗ ಹುಟ್ಟಿದ. 2014ರಲ್ಲಿ ಅವರ ತಂದೆ ತೀರಿಕೊಂಡಾಗಲೂ ಅವರು ಸೆರೆಯಲ್ಲಿದ್ದರು. ಮಗನ ಬಿಡುಗಡೆಗಾಗಿ, ಗಣಿತದ ಪ್ರಾಧ್ಯಾಪಕಿಯಾದ ಅವರ ತಾಯಿ 2024ರ ಸೆಪ್ಟೆಂಬರಿನಿಂದ ತಿಂಗಳುಗಟ್ಟಲೆ ಅನ್ನ ಬಿಟ್ಟರು. 2025ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷರ ಕ್ಷಮಾದಾನದಿಂದ ಅವರು ಹೊರಬಂದರು. ಅವರು ಬರೆದ ಎಲ್ಲದಕ್ಕೂ ನಾವು ತಲೆದೂಗಬೇಕಾಗಿಲ್ಲ. ಆದರೆ ಒಂದು ಮಾತಿಗೆ ಎಷ್ಟು ವರ್ಷಗಳ ತೂಕವಿರಬಲ್ಲುದೆಂದು ಅವರ ಬದುಕು ತೋರಿಸುತ್ತದೆ.

ಅಕ್ರಮಿ ಆಡಳಿತಗಾರನ ಮುಂದೆ ನ್ಯಾಯದ ಮಾತನ್ನಾಡುವುದು ಶ್ರೇಷ್ಠ ಜಿಹಾದ್ ಎಂದು ಪ್ರವಾದಿ(ಸ) ಕಲಿಸಿದರು. ಪ್ರಥಮ ಖಲೀಫ ಅಬೂಬಕರ್(ರ) ಅಧಿಕಾರ ವಹಿಸಿಕೊಂಡ ದಿನವೇ, ತಾನು ತಪ್ಪಿದರೆ ತಿದ್ದಬೇಕೆಂದು ಜನರನ್ನು ಕೇಳಿಕೊಂಡರು. ಆ ಪರಂಪರೆ ಹುಟ್ಟಿದ ನಾಡಿನಲ್ಲೇ ಮಾತಿಗೆ ಸೆರೆವಾಸ ಸಿಗುವಂತಾದುದು ನಮ್ಮೆಲ್ಲರ ಪಾಲಿಗೂ ನೋವಿನ ಸಂಗತಿ.

ನಮ್ಮ ಮನೆಯ ಫೋನು

ಪ್ರಿಯ ಓದುಗರೇ, ನಮ್ಮಲ್ಲಿ ಹೆಚ್ಚಿನವರು ಬ್ಲಾಗ್ ಬರೆಯುವವರಲ್ಲ, ಅರಸರ ಮುಂದೆ ನಿಲ್ಲುವವರೂ ಅಲ್ಲ. ಆದರೆ ಬೂಲಾಕ್ ಅಲ್ ದಕ್ರೂರ್‌ನ ಆ ಚಾಲಕರಂತೆ ನಮ್ಮ ಕೈಯಲ್ಲೂ ಒಂದು ಫೋನಿದೆ. ದಿನಕ್ಕೊಂದು ಚಿತ್ರ ಅದರೊಳಗೆ ಬಂದು ಬೀಳುತ್ತದೆ. ಯಾರದೋ ಮಗಳ ಓಡಿಹೋದ ಸುದ್ದಿ, ಯಾರದೋ ಮಗನಿಗೆ ಬಿದ್ದ ಏಟು, ಯಾವುದೋ ಊರಿನ ಗಲಭೆ. ಅದನ್ನು ಇನ್ನೊಬ್ಬರಿಗೆ ಕಳುಹಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಇದು ನಿಜವೆಂದು ನನಗೆ ತಿಳಿದಿದೆಯೇ? ಇದರಲ್ಲಿ ನೊಂದವನಿಗೆ ನಾನು ಕಳುಹಿಸುವುದರಿಂದ ನ್ಯಾಯ ಹತ್ತಿರವಾಗುವುದೇ, ಅಥವಾ ಅವನ ಮಾನ ಇನ್ನೊಂದು ಮನೆಗೆ ಹೋಗುವುದೇ? ನಾಳೆ ಯಾರಾದರೂ ಬಂದು ಕೇಳಿದರೆ ಇದು ನನ್ನ ಮಾತೆಂದು ನನ್ನ ಹೆಸರಿನಲ್ಲಿ ಹೇಳಬಲ್ಲೆನೇ?

ಮೂರಕ್ಕೂ ಹೌದೆಂಬ ಉತ್ತರ ಬಂದರೆ ಹೇಳೋಣ, ಹೆದರದೆ ಹೇಳೋಣ. ಅದು ನಮ್ಮ ಹೆತ್ತವರಿಗೆ, ಬಂಧುಗಳಿಗೆ, ಸ್ವತಃ ನಮಗೇ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಿ ನಿಲ್ಲಬೇಕೆಂದು ಅನ್ನಿಸಾ ಅಧ್ಯಾಯ (4:135) ಆಜ್ಞಾಪಿಸುತ್ತದೆ. ವರದಕ್ಷಿಣೆಗಾಗಿ ನಮ್ಮದೇ ಬಂಧುವಿನ ಮನೆಯಲ್ಲಿ ಸೊಸೆ ಹಿಂಸೆಗೊಳಗಾದಾಗ, ಜಮಾಅತ್‌ನ ಹಿರಿಯನೊಬ್ಬ ಅನಾಥರ ಪಾಲನ್ನು ತಡೆದಾಗ ಮಾನದ ನೆಪ ಹೇಳಿ ಬಾಯಿ ಮುಚ್ಚಿಕೊಳ್ಳುವುದು ಸಾಕ್ಷ್ಯವನ್ನು ಬಚ್ಚಿಟ್ಟಂತೆ. ಯಾವುದಾದರೊಂದಕ್ಕೆ ಇಲ್ಲವೆಂಬ ಉತ್ತರ ಬಂದರೆ ಅದನ್ನು ಅಲ್ಲಿಯೇ ಅಳಿಸಿಬಿಡೋಣ. ಒಬ್ಬನ ಮಾನ ನಮ್ಮ ಫೋನಿನಲ್ಲಿಗೆ ನಿಂತಿತೆಂದರೆ ಅದೂ ಒಂದು ಪುಣ್ಯಕಾರ್ಯ.

ಮುಂದಿನ ಗುರುವಾರ ಯಾಸೀನ್ ಓದುವಾಗ, 65ನೇ ಸೂಕ್ತಕ್ಕೆ ಬಂದಾಗ ಒಂದು ಕ್ಷಣ ನಿಂತು ನಮ್ಮ ಬೆರಳುಗಳನ್ನು ನೋಡಿಕೊಳ್ಳೋಣ. ಬಾಯಿಗೆ ಮುದ್ರೆ ಬಿದ್ದಾಗ ಇವು ಯಾರ ಪರವಾಗಿ, ಯಾರ ವಿರುದ್ಧ ಮಾತನಾಡುವುವೋ!

ಸತ್ಯವನ್ನು ಅರಿಯುವ ತಾಳ್ಮೆಯನ್ನೂ, ಅದನ್ನು ಹೇಳುವ ಧೈರ್ಯವನ್ನೂ, ಇತರರ ಮಾನವನ್ನು ಕಾಯುವ ಹೃದಯವನ್ನೂ ಕರುಣಾಳುವಾದ ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ನಮ್ಮ ಕೈಗಳಿಂದ ನೊಂದವರು ನಮ್ಮನ್ನು ಕ್ಷಮಿಸುವಂತೆ ಮಾಡಲಿ. ಅನ್ಯಾಯದ ಸೆರೆಯಲ್ಲಿರುವ ಎಲ್ಲರ ಸಂಕಷ್ಟವನ್ನು ನೀಗಿಸಲಿ. ಆಮೀನ್.